ಪರ್ಮಿಟ್ ಇಲ್ಲದ ಟ್ರೌಟ್ ಪ್ಯಾಕೇಜ್: ಹಣ ವಾಪಸ್ ಕೋರಿ ದೂರು

ಮೈಸೂರು
9 ಸೆಪ್ಟೆಂಬರ್ 2024

ಇವರಿಗೆ,
ಮ್ಯಾನೇಜರ್,
ಹಿಮಾಲಯ ಚಾರಣ ವಿಭಾಗ,
ಬೆಂಗಳೂರು ಕಚೇರಿ

ವಿಷಯ: ಕಾಶ್ಮೀರದ ಸರೋವರ ಚಾರಣದಲ್ಲಿ ಟ್ರೌಟ್ ಮೀನು ಹಿಡಿಸುತ್ತೇವೆ ಎಂದು ಹಣ ಪಡೆದು, ಗಾಳ ಹಾಕಲು ಪರ್ಮಿಟ್ಟನ್ನೇ ಮಾಡಿಸದಿದ್ದ ಬಗ್ಗೆ

ಮಾನ್ಯರೇ,

ಹೋದ ತಿಂಗಳು 9ರಿಂದ 16ರವರೆಗೆ ನಿಮ್ಮ ಸಂಸ್ಥೆಯ ಜೊತೆ ಕಾಶ್ಮೀರ್ ಗ್ರೇಟ್ ಲೇಕ್ಸ್ ಚಾರಣಕ್ಕೆ ಬಂದವರಲ್ಲಿ ನಾನೂ ನನ್ನ ಅಕ್ಕನ ಮಗನೂ ಇದ್ದೆವು. ಚಾರಣಕ್ಕೆ ತಲಾ 21,600 ರೂಪಾಯಿ ಕಟ್ಟಿದ್ದೆವು. ಅದರ ಮೇಲೆ 'ಟ್ರೌಟ್ ಸ್ಪೆಷಲ್' ಎಂದು ತಲಾ 8,500 ರೂಪಾಯಿ ಕೊಟ್ಟಿದ್ದೇವೆ. ಊರಿಗೆ ಬಂದ ಮಾರನೇ ದಿನವೇ ನಿಮ್ಮ ಕಸ್ಟಮರ್ ಕೇರ್‌ಗೆ ಬರೆದೆ. "ಮೀನು ಸಿಗುವುದು ಬಿಡುವುದು ನಿಸರ್ಗದ ಕೈಯಲ್ಲಿದೆ, ಅದಕ್ಕೆ ನಾವು ಗ್ಯಾರಂಟಿ ಕೊಡುವುದಿಲ್ಲ" ಎಂದು ಉತ್ತರ ಬಂತು. ಜೊತೆಗೆ ಮುಂದಿನ ಚಾರಣಕ್ಕೆ ಶೇಕಡಾ 15 ರಿಯಾಯಿತಿಯ ಕೂಪನ್.

ನಾನು ಬರೆದದ್ದನ್ನು ಯಾರೂ ಓದಲಿಲ್ಲ ಅಂತ ಕಾಣುತ್ತೆ. ಅದಕ್ಕೇ ಈ ಸಲ ವಿವರವಾಗಿ ಬರೆಯುತ್ತಿದ್ದೇನೆ.

ಮೀನು ಸಿಗಲಿಲ್ಲ ಎಂದು ನಾನು ದೂರುತ್ತಿಲ್ಲ. ಕಾವೇರಿ ದಡದಲ್ಲಿ ಬಿದಿರು ಕೋಲು ಹಿಡಿದು ಬೆಳೆದವನು ನಾನು. ಇಡೀ ದಿನ ಬಿಸಿಲಲ್ಲಿ ಕೂತು, ಖಾಲಿ ಚೀಲ ತೂಗಾಡಿಸಿಕೊಂಡು ಮನೆಗೆ ಬಂದು, ಅಮ್ಮನ ಕೈಲಿ ಬೈಸಿಕೊಂಡ ದಿನಗಳೇ ಜಾಸ್ತಿ. ಮೀನು ಕಚ್ಚದಿದ್ದರೆ ಅದು ನನಗೂ ಮೀನಿಗೂ ಬಿಟ್ಟ ವಿಚಾರ. ನನ್ನ ಗಾಳ ನೀರಿಗೆ ಬೀಳಲೇ ಇಲ್ಲ. ಅದಕ್ಕೆ ಕಾರಣ ನಿಮ್ಮ ಕಚೇರಿ.

ಬುಕ್ ಮಾಡುವ ಮೊದಲು ಇಮೇಲ್‌ನಲ್ಲಿ ಎರಡೇ ಪ್ರಶ್ನೆ ಕೇಳಿದ್ದೆ. ಒಂದು, ಮೀನು ಹಿಡಿಯಲು ಸರ್ಕಾರದ ಪರ್ಮಿಟ್ ಯಾರು ಮಾಡಿಸುತ್ತಾರೆ? ಎರಡು, ಗಾಳ ಹಾಕುವ ನನ್ನ ರಾಡ್ ನಾನೇ ತರಲಾ? ಜೂನ್ 18ರಂದು ನಿಮ್ಮವರು ಉತ್ತರಿಸಿದರು: "ಪರ್ಮಿಟ್ ನಮ್ಮ ಜವಾಬ್ದಾರಿ ಸರ್. ಸಾಮಾನು ಎಲ್ಲ ಒಳ್ಳೇ ಕ್ವಾಲಿಟಿಯದು ನಮ್ಮಲ್ಲೇ ಇದೆ. ವಿಮಾನದಲ್ಲಿ ಸುಮ್ನೆ ಲಗೇಜ್ ಭಾರ ಯಾಕೆ?" ಆ ಇಮೇಲಿನ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಹತ್ತು ವರ್ಷದಿಂದ ಜೋಪಾನ ಮಾಡಿದ ನನ್ನ ರಾಡು ಈ ಮಾತು ನಂಬಿ ಮೈಸೂರಿನ ಅಟ್ಟದ ಮೇಲೇ ಉಳಿಯಿತು.

ನಿಮ್ಮ ಜಾಹೀರಾತಿನ ಒಂದು ವಾಕ್ಯದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. 'ಸಾವಿರಾರು ವರ್ಷಗಳಿಂದ ಹಿಮಾಲಯದ ಸರೋವರಗಳಲ್ಲಿ ವಾಸಿಸುವ ಟ್ರೌಟ್' ಎಂದು ಹಾಕಿದ್ದೀರಿ. ಬ್ರೌನ್ ಟ್ರೌಟ್ ಕಾಶ್ಮೀರದ ಮೂಲ ಮೀನಲ್ಲ. ಬ್ರಿಟಿಷರ ಕಾಲದಲ್ಲಿ, 1900ರ ಸುಮಾರಿಗೆ, ಮೊಟ್ಟೆಯ ರೂಪದಲ್ಲಿ ಹಡಗಿನಲ್ಲಿ ಬಂದದ್ದು. ಮೊದಲ ಸಲ ತಂದ ಮೊಟ್ಟೆಗಳು ದಾರಿಯಲ್ಲೇ ಹಾಳಾದವು. ಎರಡನೇ ಸಲದವು ಬದುಕಿದವು. ಶ್ರೀನಗರದ ಹತ್ತಿರ ಹಾರ್ವಾನ್‌ನಲ್ಲಿ ಮರಿ ಮಾಡಿ ಅಲ್ಲಿಂದ ಹೊಳೆಗಳಿಗೆ ಬಿಟ್ಟರು. ನಮ್ಮ ಮೈಸೂರಿಗೆ ಹತ್ತಿರದ ಊಟಿ ಬೆಟ್ಟದಲ್ಲೂ ಇದೇ ಕಥೆ. ಅಲ್ಲಿನ ಅವಲಾಂಚಿಯ ಟ್ರೌಟ್ ಮರಿ ಕೇಂದ್ರ ಶುರುವಾದದ್ದು 1907ರಲ್ಲಿ. ಅದನ್ನು ನೋಡಿ ಬಂದ ಮೇಲೇ ನನಗೆ ಟ್ರೌಟ್ ಹುಚ್ಚು ಹಿಡಿದದ್ದು. ಇದು ದೂರಿನ ಮುಖ್ಯ ಭಾಗವಲ್ಲ, ಬಿಡಿ. ಆದರೆ ಯಾವ ಮೀನು ಮಾರುತ್ತಿದ್ದೇವೆ ಅನ್ನುವುದೂ ಗೊತ್ತಿಲ್ಲದೆ ಪ್ಯಾಕೇಜ್ ಮಾಡಿದ್ದೀರಿ ಅನ್ನುವ ಅನುಮಾನ ನನಗೆ ಅಲ್ಲಿಂದಲೇ ಬರಬೇಕಿತ್ತು.

ಸೋನಾಮಾರ್ಗ್‌ನಿಂದ ನಡಿಗೆ ಶುರುವಾಯಿತು. ಮೊದಲ ದಿನದ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಡೇರೆ ಚೆನ್ನಾಗಿತ್ತು, ಊಟ ಚೆನ್ನಾಗಿತ್ತು. ನಿಚ್‌ನಾಯ್ ಪಾಸ್, ಅಂದರೆ ಬೆಟ್ಟ ದಾಟುವ ದಾರಿ, ನಾಲ್ಕು ಸಾವಿರ ಮೀಟರ್ ಎತ್ತರ. ಐವತ್ತೆರಡು ವರ್ಷದ ನನ್ನ ಮೊಣಕಾಲಿಗೆ ಅದು ಸುಲಭವಲ್ಲ. ನಿಮ್ಮ ಸ್ಥಳೀಯ ಗೈಡ್ ನನ್ನ ಪಕ್ಕದಲ್ಲೇ ನಿಧಾನವಾಗಿ ನಡೆದು ಹತ್ತಿಸಿದರು. ಅವರಿಗೆ ನನ್ನ ಕೃತಜ್ಞತೆ ಇದೆ.

ಎರಡನೇ ದಿನದ ನಡಿಗೆ ಮುಗಿದದ್ದು ವಿಶನ್‌ಸರ್ ಸರೋವರದ ಹತ್ತಿರ. ನೀವು ಕಳಿಸಿದ ವೇಳಾಪಟ್ಟಿಯಲ್ಲಿ ಮಾರನೇ ದಿನ ಅಲ್ಲೇ ವಿಶ್ರಾಂತಿ, 'ಇಡೀ ದಿನ ವಿಶನ್‌ಸರ್ ಮತ್ತು ಕಿಶನ್‌ಸರ್‌ನಲ್ಲಿ ಮೀನು ಬೇಟೆ' ಎಂದಿತ್ತು. ನಾನು ಈ ಪ್ಯಾಕೇಜ್ ತೆಗೆದುಕೊಂಡದ್ದೇ ಆ ಒಂದು ಸಾಲಿಗಾಗಿ. ಮಧ್ಯಾಹ್ನ ಮೂರಕ್ಕೆ ತಲುಪಿದೆವು. ಸಂಜೆಯ ಹೊತ್ತು ಸಿಕ್ಕರೆ ಸಾಕು ಅಂದುಕೊಂಡೆ. ಅಷ್ಟು ಎತ್ತರದಲ್ಲಿ ನೀರು ಗಾಜಿನ ಹಾಗೆ ತಿಳಿಯಾಗಿರುತ್ತದೆ. ಬಿಸಿಲು ನೆತ್ತಿಯ ಮೇಲಿದ್ದಾಗ ಟ್ರೌಟ್ ಆಳಕ್ಕೆ ಇಳಿದುಬಿಡುತ್ತದೆ. ಬೆಳಗಿನ ಜಾವ, ಸಂಜೆ, ಇಲ್ಲವೇ ಗಾಳಿ ಬೀಸಿ ನೀರಿನ ಮೇಲೆ ಸುಕ್ಕು ಎದ್ದಾಗ ದಡಕ್ಕೆ ಬರುತ್ತದೆ. ಅದರಲ್ಲೂ ಹಿಮ ಕರಗಿದ ತೊರೆ ಬಂದು ಸೇರುವ ಜಾಗ, ಸರೋವರದಿಂದ ಹೊಳೆ ಹೊರಡುವ ಬಾಯಿ, ಇವು ಅದಕ್ಕೆ ಇಷ್ಟ. ಓದಿಕೊಂಡೇ ಹೋಗಿದ್ದೆ. ಯಾವ ಕಲ್ಲಿನ ಮೇಲೆ ನಿಲ್ಲಬೇಕು ಅಂತಲೂ ನೋಡಿಟ್ಟುಕೊಂಡೆ.

ರಾಡುಗಳು ಬರಲೇ ಇಲ್ಲ. ಅವು ಅಡುಗೆ ಸಾಮಾನಿನ ಕುದುರೆಯ ಮೇಲಿದ್ದವು. ಆ ಕುದುರೆ ಬಂದಾಗ ಕತ್ತಲಾಗಿತ್ತು. ಟಾರ್ಚ್ ಬೆಳಕಿನಲ್ಲಿ ಚೀಲ ಬಿಚ್ಚಿ ನೋಡಿದೆ. ಮಾನ್ಯರೇ, ಆ ರಾಡು ನನ್ನ ಹೆಬ್ಬೆರಳಿಗಿಂತ ದಪ್ಪ. ರೀಲಿನಲ್ಲಿ ಚಪ್ಪಲಿ ಹೊಲಿಯಬಹುದಾದಂಥ ದಾರ. ಕಾವೇರಿಯಲ್ಲಿ ಬಿಳಿಮೀನಿಗೆ, ಅಂದರೆ ಮಹಶೀರ್‌ಗೆ, ಹಿಂದೆಲ್ಲ ನಿಂಬೆಹಣ್ಣಿನ ಗಾತ್ರದ ರಾಗಿ ಉಂಡೆ ಮೆತ್ತಿ ಹಾಕುತ್ತಿದ್ದರಲ್ಲ, ಆ ಅಳತೆಯ ಕೊಕ್ಕೆಗಳು. ಯಾವುದೋ ಹಳೇ ನದಿ ಕ್ಯಾಂಪಿನ ಸಾಮಾನನ್ನು ಮೂಟೆ ಕಟ್ಟಿ ಕಾಶ್ಮೀರಕ್ಕೆ ಕಳಿಸಿದ್ದೀರಿ. ಟ್ರೌಟ್‌ಗೆ ಬೇಕಾದದ್ದು ಬಳುಕುವ ಹಗುರ ರಾಡು, ಕಣ್ಣಿಗೆ ಕಾಣದಷ್ಟು ತೆಳು ದಾರ, ನೀರಿನಲ್ಲಿ ತಿರುಗಿ ಮಿನುಗುವ ಬೆರಳ ತುದಿಯಷ್ಟು ಲೋಹದ ಸ್ಪಿನ್ನರ್ ಅಥವಾ ನೊಣದ ಹಾಗೆ ಕಟ್ಟಿದ ಫ್ಲೈ. ಡಬ್ಬಿಯಲ್ಲಿ ಒಂದೇ ಒಂದು ಸ್ಪಿನ್ನರ್ ಇತ್ತು. ಅದಕ್ಕೂ ತುಕ್ಕು ಹಿಡಿದಿತ್ತು. ಇನ್ನೊಂದು ಪೊಟ್ಟಣದಲ್ಲಿ ಒಣಗಿದ ಗೋಧಿ ಹಿಟ್ಟಿನ ಉಂಡೆ.

ಇದನ್ನೂ ನುಂಗಿಕೊಳ್ಳುತ್ತಿದ್ದೆ. ಇದ್ದದ್ದರಲ್ಲೇ ಏನಾದರೂ ಮಾಡೋಣ ಅಂದುಕೊಂಡು ಟ್ರೆಕ್ ಲೀಡರ್ ಹತ್ತಿರ ಪರ್ಮಿಟ್ ಕೇಳಿದೆ. ಆ ಹುಡುಗನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. "ಯಾವ ಪರ್ಮಿಟ್ ಸರ್?" ಅಂದ. ಚೆಕ್‌ಪೋಸ್ಟ್‌ನಲ್ಲಿ ತೋರಿಸಿದ ಆಧಾರ್ ಕಾರ್ಡುಗಳ ಕಟ್ಟು ತೆಗೆದ. ಅದು ಬೇರೆ, ಇದು ಬೇರೆ ಎಂದು ವಿವರಿಸಿದೆ. ಜಮ್ಮು ಕಾಶ್ಮೀರದ ಟ್ರೌಟ್ ನೀರುಗಳಲ್ಲಿ ಮೀನುಗಾರಿಕೆ ಇಲಾಖೆಯ ಪರ್ಮಿಟ್ ಇಲ್ಲದೆ ಗಾಳ ಹಾಕುವ ಹಾಗಿಲ್ಲ. ಅದನ್ನು ಮೊದಲೇ ಕೆಳಗೆ ಮಾಡಿಸಿಕೊಂಡು ಬರಬೇಕು. ಮೂರೂವರೆ ಸಾವಿರ ಮೀಟರಿಗೂ ಮೇಲೆ, ಫೋನ್ ಸಿಗ್ನಲ್ ಇಲ್ಲದ ಹುಲ್ಲುಗಾವಲಿನಲ್ಲಿ ಯಾರು ಕೊಡುತ್ತಾರೆ?

ಆಗ ಅವನು ಹೇಳಿದ: "ಸರ್, ಇಲ್ಲಿ ಯಾರು ಬಂದು ಕೇಳ್ತಾರೆ? ಎಲ್ಲರೂ ಹಾಕ್ತಾರೆ. ಹಾಕಿ ಸರ್."

ಆ ಹುಡುಗನನ್ನು ನಾನು ಬೈಯುತ್ತಿಲ್ಲ. ಅವನ ವಯಸ್ಸು ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಕಚೇರಿಯವರು ಹೇಳಿಕೊಡದೆ ಕಳಿಸಿದರೆ ಅವನಾದರೂ ಏನು ಮಾಡುತ್ತಾನೆ? ಆದರೆ ನಿಮ್ಮ ಸಮವಸ್ತ್ರ ಹಾಕಿಕೊಂಡ ಮನುಷ್ಯ, ನಿಮ್ಮ ಗ್ರಾಹಕನಿಗೆ ಕಾನೂನು ಮುರಿಯಿರಿ ಎಂದು ಸಲಹೆ ಕೊಟ್ಟ. ಗಡಿ ಹತ್ತಿರದ ಪ್ರದೇಶ, ಹೆಜ್ಜೆ ಹೆಜ್ಜೆಗೂ ಹೆಸರು ಬರೆಸಿ ಬರುವ ದಾರಿ. ಏನಾದರೂ ಆಗಿದ್ದರೆ ಸಿಕ್ಕಿಬೀಳುತ್ತಿದ್ದವನು ನಾನು, ನೀವಲ್ಲ. ಅವನನ್ನು ಕೆಲಸದಿಂದ ತೆಗೆದು ಕೈ ತೊಳೆದುಕೊಳ್ಳಬೇಡಿ ಎಂದೂ ಇಲ್ಲೇ ಕೇಳಿಕೊಳ್ಳುತ್ತೇನೆ.

ಬೆಳಿಗ್ಗೆ ಇನ್ನೊಂದು ಸುದ್ದಿ. ವಿಶ್ರಾಂತಿಯ ದಿನ ಇಲ್ಲವಂತೆ. ಮಳೆ ಇರಲಿಲ್ಲ, ಯಾರಿಗೂ ಹುಷಾರು ತಪ್ಪಿರಲಿಲ್ಲ. ಈ ಬ್ಯಾಚನ್ನು ಕಚೇರಿಯವರು ಒಂಬತ್ತು ದಿನದಿಂದ ಎಂಟು ದಿನಕ್ಕೆ ಇಳಿಸಿದ್ದಾರಂತೆ, ನಮಗೆ ಇಮೇಲ್ ಬಂದಿರಬೇಕಂತೆ. ಬಂದಿಲ್ಲ. ಆರೂವರೆಗೆ ಗಡ್‌ಸರ್ ಪಾಸ್ ಕಡೆ ಹೊರಟೆವು. ಈ ದಾರಿಯಲ್ಲೇ ಎತ್ತರದ ಜಾಗ ಅದು. ಏರುತ್ತಾ ಹಿಂದೆ ತಿರುಗಿದರೆ ಕಿಶನ್‌ಸರ್ ಮತ್ತು ವಿಶನ್‌ಸರ್ ಎರಡೂ ಒಟ್ಟಿಗೆ ಕಾಣುತ್ತವೆ. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ನನಗೆ ತೆಗೆಯುವ ಮನಸ್ಸಾಗಲಿಲ್ಲ.

ಗಡ್‌ಸರ್, ಸತ್‌ಸರ್ ದಾಟಿದ್ದರ ಬಗ್ಗೆ ಬರೆಯುವುದು ಬೇಡ. ಹೂವು ಚೆನ್ನಾಗಿದ್ದವು.

ಗಂಗಾಬಲ್‌ನಲ್ಲಿ ಮಾತ್ರ ವೇಳಾಪಟ್ಟಿಯ ಪ್ರಕಾರ ಒಂದು ಪೂರ್ತಿ ದಿನ ಸಿಕ್ಕಿತು. ಹರ್‌ಮುಖ್ ಬೆಟ್ಟದ ಬುಡದಲ್ಲಿ ಆ ದೊಡ್ಡ ಸರೋವರ, ಸ್ವಲ್ಪ ಕೆಳಗೆ ನಂದ್‌ಕೋಲ್. ಎರಡರ ನಡುವೆ ಹರಿಯುವ ತೊರೆ. ಟ್ರೌಟ್ ಹಿಡಿಯುವವನು ಕನಸು ಕಾಣುವಂಥ ಜಾಗ. ಬೆಳಗಿನ ಐದೂವರೆಗೆ ದಡಕ್ಕೆ ಹೋದೆ. ಮೀನುಗಳು ನೀರಿನ ಮೇಲೆ ಬಂದು ಹುಳ ಹಿಡಿದು ಹೋಗುತ್ತಿದ್ದವು. ಉಂಗುರ ಉಂಗುರವಾಗಿ ಅಲೆ ಏಳುತ್ತಿತ್ತು. ಕೈ ತುರಿಸಿತು, ಸುಳ್ಳು ಹೇಳುವುದಿಲ್ಲ. ಪಕ್ಕದಲ್ಲಿ ನಿಮ್ಮ ದಪ್ಪ ರಾಡು ಇತ್ತು. ನೋಡುವವರು ಯಾರೂ ಇರಲಿಲ್ಲ. ಎತ್ತಿಕೊಳ್ಳಲಿಲ್ಲ.

ಎಂಟು ಗಂಟೆಗೆ ಶ್ರೀನಗರದ ಒಬ್ಬರು ಬಂದರು. ಬ್ಯಾಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಪರ್ಮಿಟ್ ತೆಗೆದು ತೋರಿಸಿದರು. ಅವರ ಹೆಸರು, ತಾರೀಕು, ಒಂದು ರಾಡು. ಒಂದು ಹಾಳೆ ಅಷ್ಟೇ. ನಿಮ್ಮವರು ನಮ್ಮಿಬ್ಬರಿಂದ 17,000 ರೂಪಾಯಿ ತೆಗೆದುಕೊಂಡು ಮಾಡಿಸದೇ ಹೋದದ್ದು ಆ ಹಾಳೆಯನ್ನು. ಅವರು ತಮ್ಮ ರಾಡು ಕೊಡಲು ಮುಂದಾದರು. ಪರ್ಮಿಟ್ ಅವರ ಹೆಸರಿನಲ್ಲಿದೆ, ನಾನು ಹಾಕಿದರೆ ತಪ್ಪಾಗುತ್ತೆ ಎಂದು ಬೇಡ ಅಂದೆ. ಸುಮ್ಮನೆ ಕೂತು ಅವರು ಹಿಡಿಯುವುದನ್ನು ನೋಡಿದೆ. ಹತ್ತು ಗಂಟೆಯೊಳಗೆ ಮೂರು ಸಿಕ್ಕವು. ಮೈಮೇಲೆ ಕೆಂಪು ಚುಕ್ಕೆ, ಅದರ ಸುತ್ತ ಬಿಳಿ ಉಂಗುರ. ಅಂಥ ಮೀನನ್ನು ಮೊದಲ ಸಲ ಕೈಯಳತೆ ದೂರದಲ್ಲಿ ನೋಡಿದೆ. ಅದನ್ನು ತೋರಿಸಿದ್ದಕ್ಕೆ ಅವರಿಗೆ ನಾನು ಒಂದು ಪೈಸೆಯನ್ನೂ ಕೊಡಲಿಲ್ಲ. ಅವರು ನನಗೆ ಚಹಾ ಕೊಟ್ಟರು.

ಮಾರನೇ ದಿನ ನಾರಾನಾಗ್‌ಗೆ ಇಳಿದೆವು. ಸಾವಿರ ಮೀಟರಿಗೂ ಜಾಸ್ತಿ ಇಳಿಜಾರು. ಬಳಸದ ಆ ರಾಡುಗಳನ್ನು ಹೊತ್ತ ಕುದುರೆ ನಮ್ಮ ಹಿಂದೆಯೇ ಬಂತು.

ಈಗ ನನ್ನ ಬೇಡಿಕೆ. 'ಟ್ರೌಟ್ ಸ್ಪೆಷಲ್' ಎಂದು ಪಡೆದ 17,000 ರೂಪಾಯಿ ಪೂರ್ತಿ ವಾಪಸ್ ಬೇಕು. ಕಡಿತ ಮಾಡಿದ ಒಂದು ದಿನಕ್ಕೆ, ಒಂಬತ್ತು ದಿನಕ್ಕೆ 21,600 ಎಂಬ ನಿಮ್ಮದೇ ಲೆಕ್ಕದಂತೆ, ತಲಾ 2,400 ರಂತೆ 4,800 ರೂಪಾಯಿ. ಒಟ್ಟು 21,800. ಇದು ನಾನು ದುಡ್ಡು ಕಟ್ಟಿದ ಬ್ಯಾಂಕ್ ಖಾತೆಗೇ ಬರಬೇಕು. ಕೂಪನ್ ಬೇಡ. ನಿಮ್ಮ ಜೊತೆ ಇನ್ನೊಂದು ಸಲ ಬೆಟ್ಟ ಹತ್ತಬೇಕು ಎಂದು ಅನ್ನಿಸುವ ತನಕ ಅದು ನನ್ನ ಯಾವ ಉಪಯೋಗಕ್ಕೆ ಬಂದೀತು?

ಮಾನಸಿಕ ಯಾತನೆ, ಅದಕ್ಕೆ ಲಕ್ಷ ಪರಿಹಾರ ಎಂದೆಲ್ಲ ಬರೆಯಿರಿ ಅಂತ ಪರಿಚಯದ ವಕೀಲರು ಹೇಳಿದರು. ಸದ್ಯಕ್ಕೆ ಬರೆಯುತ್ತಿಲ್ಲ. ಈ ಪತ್ರ ತಲುಪಿದ 15 ದಿನದೊಳಗೆ ಹಣ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. ಆಮೇಲೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕ ತಾನು ವಾಸವಿರುವ ಊರಿನಲ್ಲೇ ದೂರು ಕೊಡಬಹುದು. ಹಾಗಾಗಿ ವಿಚಾರಣೆಗೆ ಓಡಾಡುವವರು ನೀವು. ಆಗ ವಕೀಲರ ಮಾತನ್ನೂ ಕೇಳಬೇಕಾಗುತ್ತದೆ.

ಕೊನೆಯದಾಗಿ ಒಂದು ವಿಷಯ. ಹಣಕ್ಕಿಂತ ಮೊದಲು ಇದನ್ನು ಮಾಡಿ, ಇವತ್ತೇ ಮಾಡಿ. ನಿಮ್ಮ ಇನ್‌ಸ್ಟಾಗ್ರಾಂ ಪುಟದಲ್ಲಿ ಆಗಸ್ಟ್ 20ರಂದು ಒಂದು ಫೋಟೋ ಹಾಕಿದ್ದೀರಿ. ಕೆಂಪು ಟೋಪಿಯ ಹುಡುಗ ಗಂಗಾಬಲ್ ದಡದಲ್ಲಿ ಟ್ರೌಟ್ ಹಿಡಿದು ನಗುತ್ತಿದ್ದಾನೆ. ಕೆಳಗೆ 'ನಮ್ಮ ಟ್ರೌಟ್ ಸ್ಪೆಷಲ್‌ನ ಭರ್ಜರಿ ಬೇಟೆ' ಎಂದು ಬರೆದಿದ್ದೀರಿ. ಆ ಹುಡುಗ ನನ್ನ ಅಕ್ಕನ ಮಗ. ಮೀನು ಶ್ರೀನಗರದವರದ್ದು, ಒಂದು ನಿಮಿಷ ಕೈಗೆ ಕೊಟ್ಟಿದ್ದರು. ಅವನಿಗೆ ಪರ್ಮಿಟ್ ಇರಲಿಲ್ಲ ಅನ್ನುವುದು ಈಗ ನಿಮಗೂ ಗೊತ್ತು. ಆ ಫೋಟೋದ ಕೆಳಗೆ ಈಗಾಗಲೇ ಹನ್ನೊಂದು ಜನ ಮುಂದಿನ ಬ್ಯಾಚ್ ಯಾವಾಗ ಎಂದು ಕೇಳಿದ್ದಾರೆ. ತೆಗೆದುಹಾಕಿ.

ಇಂತಿ,
ನಿಮ್ಮ ಗ್ರಾಹಕ
(ಸಹಿ)

ಲಗತ್ತು: ಹಣ ಪಾವತಿ ರಸೀದಿ, ಜೂನ್ 18ರ ಇಮೇಲ್, ಒಂಬತ್ತು ದಿನದ ವೇಳಾಪಟ್ಟಿ, ರಾಡು ಮತ್ತು ಕೊಕ್ಕೆಗಳ ಫೋಟೋ (ಪಕ್ಕದಲ್ಲಿ ಅಳತೆಗೆ ನನ್ನ ಹೆಬ್ಬೆರಳು ಇದೆ), ಆಗಸ್ಟ್ 20ರ ಫೋಟೋದ ಸ್ಕ್ರೀನ್‌ಶಾಟ್.