ಅಂಚಿನಲ್ಲಿ ಟಿಪ್ಪಣಿ ಬರೆದುಕೊಟ್ಟವರಿಗೆ

ಸ್ವಯಂಸೇವಕ ಪ್ರಕೃತಿ ವೀಕ್ಷಕರ ತರಬೇತಿ ಕೈಪಿಡಿಯ ಅಂಚಿನುದ್ದಕ್ಕೂ ಪೆನ್ಸಿಲ್ ಟಿಪ್ಪಣಿ ಬರೆದು, ಹೆಸರನ್ನೂ ಹಾಕದೆ ಕಳಿಸಿದವರೇ, ನಿಮಗೆ ತುಂಬು ಮನಸ್ಸಿನ ಧನ್ಯವಾದ.

ಗಿಡ ಎಣಿಸುವ ಚೌಕದ ಬಗ್ಗೆ ನೀವು ಬರೆದದ್ದೇ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ನಾಲ್ಕು ಗೂಟ ನೆಟ್ಟು, ಬದಿಗೆ ಒಂದು ಮೀಟರಿನಂತೆ ದಾರ ಕಟ್ಟಿದರೆ ಸಾಲದು. ಎರಡೂ ಕರ್ಣ 141 ಸೆಂ.ಮೀ. ಇವೆಯೇ ಎಂದು ಅಳೆಯಬೇಕು. ಚೌಕ ಓರೆಯಾದರೆ ಬದಿಗಳ ಅಳತೆ ಸರಿಯಿದ್ದರೂ ವಿಸ್ತೀರ್ಣ ಕಡಿಮೆಯಾಗುತ್ತದೆ, ಲೆಕ್ಕ ತಪ್ಪುತ್ತದೆ. ದಾರದ ಮೇಲೇ ಬೇರೂರಿದ ಗಿಡಗಳಿಗೂ ಒಂದು ನಿಯಮ ಕೊಟ್ಟಿರಿ: ಅಕ್ಕಪಕ್ಕದ ಎರಡು ಬದಿಗಳಲ್ಲಿದ್ದರೆ ಎಣಿಸಿ, ಉಳಿದೆರಡರಲ್ಲಿದ್ದರೆ ಬಿಡಿ. ಯಾವ ಎರಡು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಇಲ್ಲವಾದರೆ ಚೆಂದದ ಗಿಡಗಳೆಲ್ಲ ಹೇಗೋ ಒಳಗೇ ಸೇರಿಬಿಡುತ್ತವೆ!

ಹುಡುಕಿಯೂ ಕಾಣದಿದ್ದರೆ ಸೊನ್ನೆ ಬರೆಯಿರಿ, ಖಾಲಿ ಬಿಡಬೇಡಿ ಎಂದಿರಿ. ಖಾಲಿ ಕಂಡರೆ ನೋಡಿಯೇ ಇಲ್ಲವೋ, ನೋಡಿ ಸಿಗಲಿಲ್ಲವೋ ತಿಳಿಯದು. ಎಷ್ಟು ಹೊತ್ತು, ಎಷ್ಟು ಜನ ಹುಡುಕಿದರು ಎಂಬುದೂ ಅದೇ ಸಾಲಿನಲ್ಲಿರಬೇಕು.

ಫೋಟೊಗೆ ಹೂವೊಂದೇ ಸಾಲದು: ಎಲೆಯ ಎರಡೂ ಮಗ್ಗುಲು, ಎಲೆ ಕಾಂಡಕ್ಕೆ ಸೇರುವ ಗೆಣ್ಣು, ಹೂವಿನ ಪಕ್ಕನೋಟ, ಪಕ್ಕದಲ್ಲೊಂದು ಅಳತೆಪಟ್ಟಿ. ಗಿಡದ ಜಾತಿ (ಸ್ಪೀಷೀಸ್) ಖಚಿತವಿಲ್ಲದಿದ್ದರೆ ಕುಲದ (ಹತ್ತಿರದ ಜಾತಿಗಳ ಗುಂಪಿನ, ಅಂದರೆ ಜೀನಸ್‌ನ) ಹೆಸರಿಗೇ ನಿಲ್ಲಿಸಿ ಎಂಬ ನಿಮ್ಮ ಸಾಲನ್ನು ದಪ್ಪಕ್ಷರದಲ್ಲಿ ಹಾಕಿದ್ದೇವೆ.

ಕಳೆ ಕೀಳುವ ಪುಟಕ್ಕೂ ಕೈಯಾಡಿಸಿದ್ದೀರಿ: ಬೀಜ ಕಟ್ಟುವ ಮುನ್ನ, ನೆಲ ಒದ್ದೆಯಿರುವಾಗ, ಬೇರುಸಮೇತ ಕೀಳಬೇಕು; ಹೊರಡುವಾಗ ಬೂಟಿನ ಅಡಿಗೆ ಅಂಟಿದ್ದನ್ನು ಉಜ್ಜಿ ತೆಗೆಯಬೇಕು. ತಿದ್ದಿದ ಕೈಪಿಡಿ ಮುಂದಿನ ತಂಡದ ಕೈ ಸೇರಲಿದೆ.