ಹವಾಮಾನ ಸಾಲಕ್ಕೂ ಬಿರುಗಾಳಿಯ ಷರತ್ತು ಇರಲಿ

ಮಾನ್ಯ ಸಂಪಾದಕರೇ,

ಹವಾಮಾನ ಬದಲಾವಣೆಯ ಪೆಟ್ಟು ತಿನ್ನುತ್ತಿರುವ ಬಡ ದೇಶಗಳಿಗೆ ಶ್ರೀಮಂತ ದೇಶಗಳು ಕೊಡಬೇಕಾದ ಹಣದ ಬಗ್ಗೆ ಚರ್ಚೆ ಎದ್ದಾಗಲೆಲ್ಲ ಮೊತ್ತವೇ ಮುಂದೆ ನಿಲ್ಲುತ್ತದೆ. ಆ ಹಣ ಯಾವ ಷರತ್ತಿನ ಮೇಲೆ ಬರುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಮೂರು ದಶಕ ಬ್ಯಾಂಕಿನ ಸಾಲ ವಿಭಾಗದಲ್ಲಿ ಕುಳಿತೆದ್ದ ನನಗೆ ಮೊತ್ತಕ್ಕಿಂತ ಷರತ್ತೇ ಮುಖ್ಯವಾಗಿ ಕಾಣುವುದರಿಂದ ಈ ಪತ್ರ.

2009ರ ಕೋಪನ್‌ಹೇಗನ್ ಹವಾಮಾನ ಸಮಾವೇಶದಲ್ಲಿ ಶ್ರೀಮಂತ ದೇಶಗಳು 2020ರ ವೇಳೆಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವ ಮಾತು ಕೊಟ್ಟಿದ್ದವು. ಅವುಗಳದೇ ಕೂಟವಾದ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ ಲೆಕ್ಕದಂತೆ ಆ ಮಾತು ಈಡೇರಿದ್ದು 2022ರಲ್ಲಿ. (ಎರಡು ವರ್ಷ ತಡವಾಗಿ ಕಟ್ಟಿದ ಗ್ರಾಹಕನನ್ನು ನಮ್ಮ ಶಾಖೆಯಲ್ಲಿ ಏನೆಂದು ಕರೆಯುತ್ತಿದ್ದೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.) ಆ ವರ್ಷ ಬಂದ 11,590 ಕೋಟಿ ಡಾಲರ್‌ನಲ್ಲಿ ಖಾಸಗಿ ಬಂಡವಾಳದ ಪಾಲು ಸುಮಾರು 2,190 ಕೋಟಿ ಮಾತ್ರ, ಉಳಿದ ಸಾರ್ವಜನಿಕ ಹಣದಲ್ಲಿಯೂ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಸಾಲವಾಗಿತ್ತು, ಅನುದಾನವಲ್ಲ. 2024ರಲ್ಲಿ ಬಾಕುವಿನ ಸಮಾವೇಶದಲ್ಲಿ ಗುರಿಯನ್ನು 2035ರ ವೇಳೆಗೆ ವರ್ಷಕ್ಕೆ 30,000 ಕೋಟಿ ಡಾಲರ್‌ಗೆ ಏರಿಸಿದಾಗ, ಇದು ತೀರಾ ಕಡಿಮೆಯೆಂದು ಭಾರತ ಬಲವಾಗಿ ಆಕ್ಷೇಪಿಸಿತು. ಖಾಸಗಿ ಬಂಡವಾಳದ ಪಾಲು ಇಷ್ಟು ಸಣ್ಣದಿರುವುದರಲ್ಲಿ ಅಚ್ಚರಿಯೇನಿಲ್ಲ. ಸೌರ ವಿದ್ಯುತ್ತಿಗೆ ತಿಂಗಳು ತಿಂಗಳು ಬಿಲ್ಲು ವಸೂಲಾಗುತ್ತದೆ. ಉಳ್ಳಾಲದ ಕಡಲ್ಕೊರೆತಕ್ಕೆ ಹಾಕಿದ ಕಲ್ಲಿನಿಂದ ಯಾರೂ ಬಾಡಿಗೆ ಎತ್ತಲಾರರು.

ಹಾಗಾದರೆ ಹೆಚ್ಚಿನ ಹಣ ಸಾಲವಾಗಿಯೇ ಬರುವುದಾದರೆ, ಆ ಸಾಲ ಬಿರುಗಾಳಿಯ ದಿನ ಹೇಗೆ ನಡೆದುಕೊಳ್ಳಬೇಕು? ಇದಕ್ಕೆ ಕೆರಿಬಿಯನ್ ಸಮುದ್ರದ ಪುಟ್ಟ ದೇಶ ಗ್ರೆನಡಾ ಉತ್ತರ ಕೊಟ್ಟಿದೆ. 2004ರ ಇವಾನ್ ಚಂಡಮಾರುತ ಆ ದೇಶದ ವಾರ್ಷಿಕ ಉತ್ಪನ್ನದ ಸುಮಾರು ಎರಡು ಪಟ್ಟು ನಷ್ಟ ಮಾಡಿತ್ತು. ಆ ಪಾಠ ಕಲಿತ ಸರ್ಕಾರ 2015ರಲ್ಲಿ ಸಾಲಗಳನ್ನು ಮರುಹೊಂದಿಸುವಾಗ, ಚಂಡಮಾರುತ ಬಡಿದರೆ ಕಂತು ತಾನಾಗಿಯೇ ಮುಂದಕ್ಕೆ ಹೋಗಬೇಕೆಂಬ ಷರತ್ತನ್ನು ಸಾಲಪತ್ರದಲ್ಲಿಯೇ ಬರೆಸಿಕೊಂಡಿತು. 2024ರ ಜುಲೈಯಲ್ಲಿ ಬೆರಿಲ್ ಚಂಡಮಾರುತ ಅದರ ಕ್ಯಾರಿಯಾಕೂ ದ್ವೀಪವನ್ನು ನೆಲಸಮ ಮಾಡಿದಾಗ ಆ ಷರತ್ತನ್ನು ಬಳಸಿ ಕಂತು ಮುಂದೂಡಲಾಯಿತು. ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಲಿಲ್ಲ.

ಇದೇ ಮಾತು ನಮ್ಮ ಅಡಿಕೆ ತೋಟಕ್ಕೂ ಅನ್ವಯಿಸುತ್ತದೆ. ಕೆಲವು ವರ್ಷದ ಹಿಂದೆ ಕಾರ್ಕಳದ ಕಡೆಯ ನನ್ನ ಸ್ನೇಹಿತರ ತೋಟದಲ್ಲಿ ಜುಲೈ ತಿಂಗಳಿಡೀ ಮಳೆ ಹೊಳವಾಗಲಿಲ್ಲ. ಕೊಳೆರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣ ಸಿದ್ಧವಾಗಿತ್ತು, ಮರ ಹತ್ತುವವರೂ ಬಂದು ಜಗಲಿಯಲ್ಲಿ ಕಾದು ಹಿಂದಿರುಗಿದರು. ಎರಡನೇ ಬಾರಿ ಸಿಂಪಡಿಸುವ ಹೊತ್ತಿಗೆ ಕೊಳೆರೋಗ ತಗುಲಿದ ಎಳೆಯ ಕಾಯಿಗಳು ಬಿಳಿ ಬೂಷ್ಟು ಹಿಡಿದು ಬುಡದಲ್ಲಿ ಹರಡಿಕೊಂಡಿದ್ದವು. ಸಹಕಾರಿ ಸಂಘದ ಬೆಳೆಸಾಲದ ಗಡುವು ಮಾತ್ರ ಮಳೆಯನ್ನು ನೋಡುವುದಿಲ್ಲ: ಶೂನ್ಯ ಬಡ್ಡಿಯ ಸೌಲಭ್ಯ ಸಕಾಲದಲ್ಲಿ ಕಟ್ಟಿದವರಿಗೆ ಮಾತ್ರ, ದಿನ ತಪ್ಪಿದರೆ ಸುಸ್ತಿದಾರ. ಅವರು ಮಗಳ ಬಳೆ ಅಡವಿಟ್ಟು ಹಳೆ ಸಾಲ ತೀರಿಸಿ, ಅದೇ ವಾರ ಹೊಸದನ್ನು ತೆಗೆದರು. ಹವಾಮಾನ ಆಧಾರಿತ ಬೆಳೆ ವಿಮೆಯ ಹಣ ಬಂತು, ಆದರೆ ಬಳೆಯ ಮೇಲೆ ಬಡ್ಡಿ ಏರಿ ತಿಂಗಳುಗಳು ಕಳೆದ ಮೇಲೆ. ಮಲ್ಪೆಯ ದಕ್ಕೆಯಲ್ಲಿ ಹವಾಮಾನ ಇಲಾಖೆಯ ಎಚ್ಚರಿಕೆಗೆ ಕಟ್ಟಿಹಾಕಿದ ದೋಣಿಯ ಕಂತಿನ ಕಥೆಯೂ ಬೇರೆಯಲ್ಲ.

ಪ್ರಕೃತಿ ವಿಕೋಪದಲ್ಲಿ ಸಾಲದ ಅವಧಿ ಹೆಚ್ಚಿಸುವ ವ್ಯವಸ್ಥೆ ನಮ್ಮಲ್ಲಿ ಇಲ್ಲವೆಂದಲ್ಲ. ಆದರೆ ಬಹುಕಾಲದಿಂದ ನಡೆದುಬಂದ ಪದ್ಧತಿಯಲ್ಲಿ ಮೊದಲು ಸರ್ಕಾರದ ಘೋಷಣೆ, ಬಳಿಕ ಶೇ 33ರಷ್ಟು ಬೆಳೆನಷ್ಟದ ಅಂದಾಜು, ಆಮೇಲೆ ಬ್ಯಾಂಕರುಗಳ ಸಮಿತಿಯ ಸಭೆ. ಅಷ್ಟರಲ್ಲಿ ಬಳೆ ಅಂಗಡಿ ಸೇರಿರುತ್ತದೆ. ವಿಮೆಯ ಲೆಕ್ಕಕ್ಕೆ ಬಳಸುವ ಗ್ರಾಮ ಪಂಚಾಯಿತಿಯ ಮಳೆಮಾಪಕವನ್ನೇ ಸಾಲಕ್ಕೂ ಬಳಸಬಹುದಲ್ಲವೇ? ಇಂತಿಷ್ಟು ದಿನ ಎಡೆಬಿಡದೆ ಇಂತಿಷ್ಟು ಮಳೆ ಬಿದ್ದರೆ ಗಡುವು ಆರು ತಿಂಗಳು ಮುಂದಕ್ಕೆ ಹೋಗುತ್ತದೆ ಎಂದು ಸಾಲಪತ್ರದಲ್ಲಿಯೇ ಬರೆದುಬಿಟ್ಟರೆ ಅರ್ಜಿ, ಪಂಚನಾಮೆ, ಶಿಫಾರಸು ಯಾವುದೂ ಬೇಡ. ಮಾಪಕ ಕೆಟ್ಟು ನಿಂತರೆ ಏನು ಎಂಬ ಆತಂಕ ನ್ಯಾಯವಾದದ್ದೇ. ಅದು ಮಾಪಕ ದುರಸ್ತಿ ಮಾಡಲು ಕಾರಣವಾಗಬೇಕು, ಷರತ್ತು ಕೈಬಿಡಲು ಅಲ್ಲ.

ಆ ಆರು ತಿಂಗಳ ಬಡ್ಡಿ ಯಾರು ಹೊರಬೇಕೆಂದು ನನ್ನ ಹಳೆಯ ಸಹೋದ್ಯೋಗಿಗಳು ಕೇಳುತ್ತಾರೆ. ಸಂಘಗಳಿಂದ ಅದು ಆಗದು, ಕೃಷಿಕನ ಮೇಲೆ ಹೊರಿಸಿದರೆ ಷರತ್ತಿಗೆ ಅರ್ಥವಿಲ್ಲ. ಹೊರದೇಶದ ಹವಾಮಾನ ನಿಧಿಗೆ ಸರಿಯಾದ ಜಾಗ ಇದೇ ಎಂಬುದು ನನ್ನ ಅಭಿಪ್ರಾಯ. ಬಡ ದೇಶಗಳ ಹವಾಮಾನ ಯೋಜನೆಗಳಿಗೆಂದೇ ಇರುವ ಅಂತರರಾಷ್ಟ್ರೀಯ ಹಸಿರು ಹವಾಮಾನ ನಿಧಿಯಿಂದ ನೇರವಾಗಿ ಹಣ ಪಡೆಯುವ ಮಾನ್ಯತೆ ನಮ್ಮ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್ ನಬಾರ್ಡ್‌ಗೆ 2015ರಿಂದಲೇ ಇದೆ. ಅನುದಾನವಾಗಿ ಬರುವ ಅಲ್ಪ ಮೊತ್ತವನ್ನು ಕಾರ್ಯಾಗಾರಗಳಿಗೂ ವರದಿಗಳಿಗೂ ಸುರಿಯುವ ಬದಲು ಈ ಬಡ್ಡಿಗೆ ಮೀಸಲಿಟ್ಟರೆ ಕಡಿಮೆ ಹಣ ಹೆಚ್ಚು ಮನೆಗಳನ್ನು ಮುಟ್ಟುತ್ತದೆ.

ನೇಕಾರರ ಕಷ್ಟಕ್ಕೆಂದು 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1928ರಲ್ಲಿ ದಿನಕ್ಕೆ 2 ಆಣೆಯ ಪಿಗ್ಮಿ ಠೇವಣಿ ಆರಂಭಿಸಿತು. ದಿನದ ದುಡಿಮೆಯವನಿಗೆ ದಿನದ ಉಳಿತಾಯ ಎಂಬ ಲೆಕ್ಕ ಅದು. ಠೇವಣಿಯನ್ನು ಜನರ ಸಂಪಾದನೆಯ ಲಯಕ್ಕೆ ಹೊಂದಿಸಿದ ಈ ಜಿಲ್ಲೆಗಳಲ್ಲಿ ಮರುಪಾವತಿಯನ್ನು ಮಳೆಯ ಲಯಕ್ಕೆ ಹೊಂದಿಸುವುದು ಅಸಾಧ್ಯವೇನಲ್ಲ. ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕ್ ಅಧಿಕಾರಿಗಳು ಮುಂದಿನ ಮಳೆಗಾಲಕ್ಕೆ ಮುನ್ನ ನಬಾರ್ಡ್ ಹಾಗೂ ಸಹಕಾರ ಇಲಾಖೆಯವರನ್ನು ಕೂರಿಸಿಕೊಂಡು, ಒಂದು ತಾಲ್ಲೂಕಿನ ಬೆಳೆಸಾಲದಲ್ಲಿ ಮತ್ತು ಒಂದು ಬಂದರಿನ ದೋಣಿ ಸಾಲದಲ್ಲಿ ಇದನ್ನು ಪ್ರಯೋಗಿಸಿ ನೋಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ನಿವೃತ್ತ ಬ್ಯಾಂಕ್ ಅಧಿಕಾರಿ, ಉಡುಪಿ