ನಾಯಿ ಹಿಡಿದು ನಿಂತಿದ್ದ ಆ ಹಿರಿಯರಿಗೆ

ನೆದರ್‌ಲ್ಯಾಂಡ್ಸ್‌ನ ರೋಟರ್‌ಡ್ಯಾಮ್‌ ನಗರದ ಹಿಲ್ಲೆಗರ್ಸ್‌ಬರ್ಗ್ ಬಡಾವಣೆಯಲ್ಲಿ ಕೊಳ್ಳಲೆಂದು ಸಾಲುಮನೆಯೊಂದನ್ನು ನೋಡಿಕೊಂಡು ಹೊರಬಂದಾಗ ಎದುರು ಸಿಕ್ಕ ಹಿರಿಯರಿಗೆ ಈ ಧನ್ಯವಾದ. ನಾವು ಹೆಸರು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರಿಗೆ ಕನ್ನಡ ಬಾರದು ಅನ್ನುವುದು ಬೇರೆ ಮಾತು.

"ಒಳಗೆ ಗೋಲಿ ಉರುಳಿಸಿ ನೋಡಿದಿರಾ? ನೆಲ ವಾಲಿದ್ದರೆ ಗೊತ್ತಾಗುತ್ತದೆ" ಅಂದರು. ನಮ್ಮನೆಯವರು ನಕ್ಕರು, ಅವರು ನಗಲಿಲ್ಲ. ಕೊಡೆಯ ತುದಿಯಿಂದ ಕಿಟಕಿಯ ಮೂಲೆ ತೋರಿಸಿದರು. ಇಟ್ಟಿಗೆಗಳ ಸಂದಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದ ಬಿರುಕು, ಅದರ ಮೇಲೆ ಹೊಸ ಗಾರೆ.

ಇಲ್ಲಿನ ಎಷ್ಟೋ ಹಳೇ ಮನೆಗಳು ಮೆದು ನೆಲದಲ್ಲಿ ಮರದ ಕಂಬಗಳ ಮೇಲೆ ನಿಂತಿವೆ. ಕಂಬದ ತಲೆ ನೀರಲ್ಲಿ ಮುಳುಗಿದ್ದರೆ ಚಿಂತೆಯಿಲ್ಲ. ಅಂತರ್ಜಲ ಇಳಿದು ಗಾಳಿ ತಾಗಿತೋ, ಮರ ಕೊಳೆಯುತ್ತದೆ, ಮನೆ ಕುಸಿದು ಗೋಡೆ ಹೀಗೆ ಬಿರುಕು ಬಿಡುತ್ತದೆ. ಗೋಡೆ ಪಕ್ಕದವರದ್ದೂ ಆದ್ದರಿಂದ ನಾವೊಬ್ಬರೇ ರಿಪೇರಿ ಮಾಡಿಸುವುದೂ ಕಷ್ಟ. ಮಾಮೂಲಿ ಕಟ್ಟಡ ತಪಾಸಣೆಯಲ್ಲಿ ನೆಲದಡಿಯ ಕಂಬ ಅಗೆದು ನೋಡುವುದಿಲ್ಲ ಅಂತ ಹೇಳಿದ್ದೂ ಅವರೇ. ಏಜೆಂಟ್ ಮಾತ್ರ ಇಂಡಕ್ಷನ್ ಒಲೆಯ ಗುಣಗಾನದಲ್ಲೇ ಇದ್ದ.

ಫೌಂಡೇಶನ್ ವರದಿ ಕೇಳಿದೆವು, ಸಿಗಲಿಲ್ಲ, ಆ ಮನೆ ಬಿಟ್ಟೆವು. ಈಗ ಅದೇ ಬಡಾವಣೆಯ ಇನ್ನೊಂದು ಬೀದಿಯಲ್ಲಿ ಕಾಂಕ್ರೀಟ್ ಕಂಬಗಳ ಮೇಲಿನ ಮನೆ ನಮ್ಮದು. ಖರೀದಿ ಕರಾರಿಗೆ ಸಹಿಯಾದ ಮೇಲೂ ಕೊಂಡವರು ಮನಸ್ಸು ಬದಲಿಸಲು ಇಲ್ಲಿಯ ಕಾನೂನು 3 ದಿನ ಕೊಡುತ್ತದೆ. ಆ ರಾತ್ರಿಗಳಲ್ಲಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಅದರ ಪುಣ್ಯ ನಿಮಗೇ ಸೇರಬೇಕು, ಅಜ್ಜ. ಈ ಕಡೆ ಬಂದರೆ ಬೆಲ್ ಮಾಡಿ. ಕಾಫಿಗೆ ಒಂದೇ ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚುವ ಮನೆ ನಮ್ಮದಲ್ಲ.